ಕೌದಿಯ ಹೊಟ್ಟೆ, ಮರದ ಉಣ್ಣೆ

ಶಹಾಪುರ

ಜನವರಿ ೧೨, ಸೋಮವಾರ, ಬೆಳಗಿನ ೫:೪೦. ಯಾದಗಿರಿ ಬಸ್ಸು ಇಂಜಿನ್ ಬಿಸಿ ಮಾಡಿಕೊಳ್ಳುತ್ತ ನಿಂತಿತ್ತು. ಡೈರಿಯಲ್ಲಿ ಸಾಮಾನಿನ ಲೆಕ್ಕ ಹೀಗೆ ಬರೆದಿದ್ದೇನೆ: ಗಾಲಿ ಪೆಟ್ಟಿಗೆ ಒಂದು, ಹೆಗಲ ಚೀಲ ಒಂದು, ಕೌದಿ ಒಂದು. ಮೊದಲಿನ ಎರಡು ಕಳೆದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ.

“ಪೆಟ್ಟಿಗಿ ಹೋದ್ರ ಹೋಗವಲ್ದ್ಯಾಕ,” ಎಂದಳು ಚಿಗವ್ವ. ಅವ್ವನ ತಂಗಿ ಆಕೆ. ನನ್ನನ್ನು ಕಳಿಸಲೆಂದೇ ಕಕ್ಕೇರಾದಿಂದ ಹಿಂದಿನ ದಿನ ಬಂದಿದ್ದಳು. “ಕೌದಿ ಮಾತ್ರ ತೊಡಿ ಮ್ಯಾಲ ಇಟ್ಕೊಂಡು ಕುಂದ್ರು. ವಿಮಾನದಾಗೂ ಅಷ್ಟ.”

“ವಿಮಾನದಾಗ ಮ್ಯಾಲ ಇಡಾಕ ಜಾಗಾ ಇರ್ತೈತಿ ಚಿಗವ್ವ.”

“ಮ್ಯಾಲ ಇಟ್ಟಿದ್ದು ಮರೀತೈತಿ. ತೊಡಿ ಮ್ಯಾಲಿಂದು ಮರೆಯಂಗಿಲ್ಲ.”

ನಾನು ಹೊರಟಿದ್ದು ಜರ್ಮನಿಯ ಡ್ರೆಸ್ಡೆನ್ ಎಂಬ ಊರಿಗೆ. ಅಲ್ಲಿ ನನ್ನ ಅಕ್ಕ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಹೊಸವರ್ಷದ ಮೊದಲ ವಾರ ಆಕೆಗೆ ಹೆಣ್ಣುಮಗು ಹುಟ್ಟಿತ್ತು. ಬಾಣಂತನಕ್ಕೆ ಹೋಗಬೇಕಾದ ಅವ್ವ ತೀರಿಕೊಂಡು ಮೂರು ವರ್ಷವಾಗಿದೆ, ಆದ್ದರಿಂದ ನಾನು. ಅವ್ವ ಹೋದಾಗ ಅಕ್ಕನಿಗೆ ಬರಲಾಗಲಿಲ್ಲ. ರಜೆ ಸಿಗುವ ಹೊತ್ತಿಗೆ ಮಣ್ಣು ಮುಗಿದಿತ್ತು. ಫೋನಿನಲ್ಲಿ ಅವ್ವನ ಮುಖ ತೋರಿಸಿದೆವು. ಆ ದಿನ ಆಕೆ ಅತ್ತದ್ದು ನನಗೆ ಕೇಳಿಸಲಿಲ್ಲ, ಆಮೇಲೂ ಕೇಳಿಸಲಿಲ್ಲ. ಅಲ್ಲಿಂದ ಈಚೆಗೆ ಊರಿನಿಂದ ಏನನ್ನೂ ಕೇಳದಿದ್ದವಳು ಈ ಸಲ ಒಂದು ಮಾತು ಕೇಳಿದಳು.

“ಶೇಂಗಾ ಹಿಂಡಿ ಬ್ಯಾಡ, ಉಪ್ಪಿನಕಾಯಿ ಬ್ಯಾಡ. ಅವ್ವನ ಸೀರಿ ಏನರ ಉಳದಿದ್ರ ತಗೊಂಡು ಬಾ. ಕೂಸಿನ ಮೈಗೆ ಅವ್ವನ ಕೈ ಮುಟ್ಟಿದಂಗ ಆಗಬೇಕು.”

ಉಳಿದಿದ್ದು ನಾಲ್ಕು. ಎಲ್ಲವೂ ಹೊಲಕ್ಕೆ ಉಡುತ್ತಿದ್ದ ಹತ್ತಿ ಸೀರೆಗಳು. ಅವ್ವ ಹತ್ತಿ ಬಿಡಿಸಿ ಉಡಿಗೆ ತುಂಬಿಕೊಳ್ಳುತ್ತಿದ್ದಳಲ್ಲ, ನಾಲ್ಕೂ ಸೀರೆ ಉಡಿಯ ಹತ್ತಿರವೇ ಸವೆದಿದ್ದವು. ಒಣಗಿದ ಕಾಯಿಯ ಸಿಪ್ಪೆ ತರಚಿ ಅಲ್ಲಲ್ಲಿ ಎಳೆ ಎದ್ದಿತ್ತು. ಚಿಗವ್ವ ಅವನ್ನೇ ತುಂಡು ಮಾಡಿ, ಪದರ ಕೂಡಿಸಿ ಹೊಲಿದಳು. ಸವೆದ ಉಡಿಯ ಭಾಗವನ್ನು ಬಿಸಾಡಲಿಲ್ಲ. ಅದನ್ನು ನಟ್ಟನಡುವಿನ ಚೌಕಕ್ಕೆ ಇಟ್ಟುಕೊಂಡಳು. ನಮ್ಮ ಕಡೆ ಆ ಚೌಕಕ್ಕೆ ಕೌದಿಯ ಹೊಟ್ಟೆ ಅನ್ನುತ್ತಾರೆ. ಕಡೆಯ ಹೊಲಿಗೆ ಹಾಕುವ ಮುಂಚೆ ಅದರೊಳಗೆ ಒಂದು ತುಂಡು ಜೋಳದ ರೊಟ್ಟಿ ಇಟ್ಟು ಮುಚ್ಚಬೇಕು.

“ಕೌದಿ ಹಸದಿತ್ತಂದ್ರ ಅದರಾಗ ಮಲಗಿದವರ ನಿದ್ದಿ ತಿಂತೈತಿ,” ಎಂದು ಚಿಗವ್ವ ಒಣಗಿಸಿದ ಕಟಕ ರೊಟ್ಟಿಯ ತುಂಡು, ಐದು ಕಾಳು ಜೋಳ ಹಾಕಿ ಹೊಲಿದಳು.

ಯಾದಗಿರಿ, ಹೈದರಾಬಾದ್

ಯಾದಗಿರಿ ಸ್ಟೇಷನ್ ಹೊರಗಿನ ಅಂಗಡಿಯೊಂದರಲ್ಲಿ ಕೂಸಿಗೆ ಅಂಗಿ ತೆಗೆದುಕೊಂಡೆ. ವಿದೇಶಕ್ಕೆ ಹೋಗಬೇಕಾದದ್ದು ಯಾಕೋ ಉಳಿದು ನಮ್ಮ ಕಡೆಯ ಅಂಗಡಿಗೆ ಬಂದಿತ್ತು. ಒಳಗಿನ ಚೀಟಿ ಅಂಗಿಗಿಂತ ಉದ್ದ ಎನ್ನುವ ಹಾಗಿತ್ತು. ಹತ್ತಿ ಎಂಬ ಒಂದೇ ಮಾತು ಹದಿಮೂರು ಭಾಷೆಗಳಲ್ಲಿ. ನಾನು ಶಹಾಪುರದ ಹತ್ತಿ ಮಿಲ್ಲಿನಲ್ಲಿ ಎಳೆಯ ಉದ್ದ, ಗಟ್ಟಿತನ ಪರೀಕ್ಷಿಸುವ ಕೋಣೆಯಲ್ಲಿ ಕೆಲಸ ಮಾಡುವವಳು. ದಿನವೆಲ್ಲ ಹತ್ತಿ ಮುಟ್ಟುತ್ತೇನೆ. ಅದಕ್ಕೆ ಇಷ್ಟು ಹೆಸರು ಇರಬಹುದೆಂದು ಯೋಚಿಸಿರಲಿಲ್ಲ. ಹೈದರಾಬಾದಿನಲ್ಲಿ ವಿಮಾನಕ್ಕೆ ಕಾಯುತ್ತ ಫೋನಿನಲ್ಲಿ ಹುಡುಕಿ ಡೈರಿಯಲ್ಲಿ ಮನೆತನದ ಪ್ರಕಾರ ಹಂಚಿದೆ.

ಮೊದಲ ಮನೆತನ ಅರಬ್ಬಿಯದು. ಅವರ ‘ಕುತ್ನ್’ ಇಂಗ್ಲಿಷಿನಲ್ಲಿ ಕಾಟನ್, ಫ್ರೆಂಚಿನಲ್ಲಿ ಕೊತೋನ್, ಇಟಲಿಯಲ್ಲಿ ಕೊತೊನೆ, ಡಚ್ಚರಲ್ಲಿ ಕತೂನ್ ಆಗಿದೆ. ಸ್ಪೇನಿನವರು ಅರಬ್ಬಿಯ ‘ಅಲ್’ ಅನ್ನೂ ಬಿಡದೆ ಅಲ್ಗೊದೋನ್ ಎನ್ನುತ್ತಾರೆ. ಒಟ್ಟು ಐದು. ಎರಡನೆಯದು ಪಾರಸಿಯ ‘ಪಂಬ’ದ ಕಡೆಯದು: ಹಂಗೇರಿಯ ಪಾಮುತ್, ರುಮೇನಿಯದ ಬುಂಬಾಕ್, ಗ್ರೀಕರ ವಂವಾಕಿ. ಒಟ್ಟು ಮೂರು. ಮೂರನೆಯದನ್ನು ಓದಿ ಕುರ್ಚಿಯಲ್ಲೇ ನಕ್ಕೆ. ಜರ್ಮನರ ಬೌಮ್‌ವೊಲ್ಲೆ, ಸ್ವೀಡನ್ನಿನ ಬೂಮುಲ್, ಫಿನ್‌ಲ್ಯಾಂಡಿನ ಪೂವಿಲ್ಲಾ, ಮೂರಕ್ಕೂ ಅರ್ಥ ‘ಮರದ ಉಣ್ಣೆ’. ಅವರಿಗೆ ಗೊತ್ತಿದ್ದದ್ದು ಕುರಿಯ ಉಣ್ಣೆ. ಗಿಡದಲ್ಲಿ ಬಿಳಿ ಎಳೆ ಬೆಳೆಯುತ್ತದೆಂದು ದೂರದಿಂದ ಸುದ್ದಿ ಬಂತು. ಸರಿ, ಮರದ ಉಣ್ಣೆ ಎಂದರು. ಗಿಡವನ್ನು ಕಾಣದ ಕೆಲವರು ಕೊಂಬೆಯ ತುದಿಯಲ್ಲಿ ಕುರಿಮರಿ ಬಿಡುವ ಮರದ ಚಿತ್ರವನ್ನೂ ಬರೆದರಂತೆ. ನಮ್ಮಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲಕ್ಕೆ ಕುರಿ ಬಿಡುತ್ತಾರೆ, ಅವು ಗಿಡ ಮೇಯುತ್ತವೆ. ಆ ಚಿತ್ರ ಬರೆದವರನ್ನು ಒಂದು ದಿನ ನಮ್ಮ ಹೊಲದ ಬದುವಿನ ಮೇಲೆ ಕೂಡಿಸಬೇಕಿತ್ತು ಅನಿಸಿತು.

ಉಳಿದ ಎರಡು, ಪೋಲೆಂಡಿನ ಬಾವೆವ್ನಾ ಮತ್ತು ಜೆಕ್ ಜನರ ಬಾವ್ಲ್ನಾ, ಯಾವ ಮನೆಯವೋ ಹುಡುಕುವಷ್ಟರಲ್ಲಿ ತಪಾಸಣೆಗೆ ಹೋಗುವ ಹೊತ್ತಾಯಿತು. ಅವುಗಳ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ.

ತಪಾಸಣೆಯವನು ಕೌದಿಯ ನಡುವೆ ಒತ್ತಿ ನೋಡಿದ. “ಅಂದರ್ ಕ್ಯಾ ಹೈ?”

“ರೋಟಿ ಹೈ, ಸಾಬ್.”

ಅವನು ಇನ್ನೊಮ್ಮೆ ಒತ್ತಿದ. “ಬೊಂತ,” ಎಂದ, ತೆಲುಗಿನಲ್ಲಿ ಕೌದಿಗೆ ಹಾಗನ್ನುತ್ತಾರೆ. ಮತ್ತೇನೂ ಕೇಳದೆ, ನಾನು ಮಡಿಸಿದ್ದಕ್ಕಿಂತ ಚೆಂದಾಗಿ ಮಡಿಸಿ ಕೊಟ್ಟ.

ಬುಡಾಪೆಸ್ಟಿನಿಂದ ರೈಲು

ಟಿಕೆಟ್ ಸಿಕ್ಕಿದ್ದು ಬುಡಾಪೆಸ್ಟಿಗೆ. ಅಲ್ಲಿಂದ ಹಗಲು ರೈಲು, ಮಧ್ಯದಲ್ಲಿ ಜೆಕ್ ದೇಶದ ಒಂದು ಜಂಕ್ಷನ್ನಿನಲ್ಲಿ ಬದಲಿಸಿ ಡ್ರೆಸ್ಡೆನ್. ವಿಮಾನದಲ್ಲಿ ಕೌದಿ ನನ್ನ ತೊಡೆಯ ಮೇಲೆಯೇ ಇತ್ತು, ಚಿಗವ್ವ ಸಾಕ್ಷಿಗೆ ಇಲ್ಲದಿದ್ದರೂ.

ಆ ರೈಲಿನ ಮೌನಕ್ಕೆ ಒಗ್ಗಿಕೊಳ್ಳಲು ಹೊತ್ತು ಹಿಡಿಯಿತು. ಯಾದಗಿರಿಯಲ್ಲಿ ರೈಲು ಹತ್ತಿದರೆ ವಾಡಿ ಬರುವುದರೊಳಗೆ ಯಾವೂರು, ಯಾರ ಮಗಳು, ಲಗ್ನ ಆಗೈತೋ ಇಲ್ಲೋ ಎಲ್ಲ ಮುಗಿದಿರುತ್ತದೆ. ಇಲ್ಲಿ ಎದುರಿಗೆ ಕೂತವರು ಕಣ್ಣು ಸಿಕ್ಕರೆ ಸಣ್ಣಗೆ ನಕ್ಕು ಮತ್ತೆ ಕಿಟಕಿಗೆ ತಿರುಗುತ್ತಾರೆ. ಒಬ್ಬ ಮುದುಕಿ ಮಾತ್ರ ಕೌದಿಯನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಅಂಚು ಮುಟ್ಟಿದಳು.

“ಪಾಮುತ್?”

ಚೀಟಿಯ ಮಾತೊಂದು ಮನುಷ್ಯರ ಬಾಯಿಂದ ಬಂತಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಮೂರು ಸಲ ‘ಪಾಮುತ್’ ಎಂದೆ. ಆಕೆ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಡುವಿನ ಗಂಟಿಗೆ ಬಂದು ಹುಬ್ಬೇರಿಸಿದಳು. ಇದು ಹೊಟ್ಟೆ, ಒಳಗೆ ರೊಟ್ಟಿ ಇದೆ ಎಂದು ಹೇಗೆ ಹೇಳುವುದು? ಹೊಟ್ಟೆ ಮುಟ್ಟಿ, ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುವ ಸನ್ನೆ ಮಾಡಿದೆ. ಮುದುಕಿ ಅಯ್ಯೋ ಎನ್ನುವ ಮುಖ ಮಾಡಿ ಚೀಲದಿಂದ ಗಸಗಸೆ ತುಂಬಿದ ಬನ್ನು ತೆಗೆದು ನನ್ನ ಕೈಗಿಟ್ಟಳು. ಹಸಿದಿಲ್ಲವೆಂದು ತಿಳಿಸುವ ಸನ್ನೆ ನನಗೆ ಗೊತ್ತಿರಲಿಲ್ಲ. ತಿಂದೆ. ಆಕೆ ಊಟಕ್ಕೆಂದು ಮಡಿಲಲ್ಲಿ ಡಬ್ಬಿ ಬಿಚ್ಚಿದಾಗ ಜಾಗವಾಗಲೆಂದು ಕೌದಿಯನ್ನು ಎತ್ತಿ ಮೇಲಿನ ಹಲಗೆಗೆ ಇಟ್ಟೆ.

ಗಡಿಯ ಹತ್ತಿರದ ಊರಿನಲ್ಲಿ ಮುದುಕಿ ಇಳಿದಳು. ಹೊರಗೆ ಹಿಮ ಬಿದ್ದ ಬಯಲು. ಹತ್ತಿ ಒಡೆದ ಹೊಲದ ಹಾಗೆ ಬೆಳ್ಳಗೆ, ಬಿಡಿಸುವವರು ಮಾತ್ರ ಯಾರೂ ಇಲ್ಲ. ನೋಡುತ್ತ ನೋಡುತ್ತ ಜಂಕ್ಷನ್ ಬಂತು. ಮುಂದಿನ ರೈಲಿಗೆ ಸ್ವಲ್ಪವೇ ಹೊತ್ತಿತ್ತು. ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲು ಇಳಿದು, ಮೆಟ್ಟಿಲು ಹತ್ತಿ, ಡ್ರೆಸ್ಡೆನ್ ರೈಲಿನಲ್ಲಿ ಕೂತು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ತೊಡೆಯ ಮೇಲೆ ಏನೂ ಇರಲಿಲ್ಲ.

ಬಾಗಿಲು ಮುಚ್ಚುವ ಮುಂಚೆ ಪೆಟ್ಟಿಗೆ ಸಮೇತ ಇಳಿದುಬಿಟ್ಟೆ. ಓಡಿ ಹೋಗಿ ನೋಡಿದರೆ ಬಂದ ರೈಲು ಹೊರಟುಹೋಗಿತ್ತು. ನಮ್ಮೂರಲ್ಲಾಗಿದ್ದರೆ ಅರ್ಧ ಬೋಗಿ ಕೂಗಿಕೊಳ್ಳುತ್ತಿತ್ತು, “ಏ ತಂಗಿ, ನಿನ್ನ ಗಂಟು ಬಿಟ್ಟಿ ನೋಡು” ಎಂದು. ಇಲ್ಲಿ ಇನ್ನೊಬ್ಬರ ಸಾಮಾನಿನ ಕಡೆ ನೋಡುವುದೇ ತಪ್ಪೆಂದು ತಿಳಿದ ಸಭ್ಯ ಜನ. ಅಕ್ಕನಿಗೆ ಫೋನ್ ಮಾಡಿ, ರೈಲು ತಪ್ಪಿತು, ನಾಳೆ ಬರುತ್ತೇನೆ ಎಂದಷ್ಟೇ ಹೇಳಿದೆ.

“ತಪ್ಪಿದ್ರ ತಪ್ಪಲಿ, ನೀ ಅಂಜಬ್ಯಾಡ,” ಎಂದಳು ಅಕ್ಕ. “ಕೌದಿ ತೋರ್ಸು, ಹ್ಯಾಂಗೈತಿ ನೋಡ್ತೀನಿ.”

ಚಾರ್ಜು ಮುಗಿಯಲಿಕ್ಕೆ ಬಂದಿದೆ ಎಂದು ಫೋನ್ ಇಟ್ಟೆ. ನಾಲ್ಕೂ ಸೀರೆ ಅದರಲ್ಲಿದ್ದವು. ಮನೆಯಲ್ಲಿ ಅವ್ವನದೆಂದು ಇನ್ನೊಂದು ಎಳೆಯೂ ಉಳಿದಿರಲಿಲ್ಲ.

ಜಂಕ್ಷನ್

ಆ ಊರಿನ ಹೆಸರು ಬರೆಯುವುದಿಲ್ಲ. ಕೆಲಸದ ಹೊತ್ತಿನಲ್ಲಿ ಒಬ್ಬರು ನನಗಾಗಿ ಸೂಜಿ ಹಿಡಿದರು, ಅವರಿಗೆ ತೊಂದರೆಯಾಗಬಾರದು.

ಕಳೆದ ಸಾಮಾನು ಇಡುವ ಕೋಣೆ ಸ್ಟೇಷನ್ನಿನ ಹಿಂಬದಿಗಿತ್ತು. ಒಳಗೆ ಛತ್ರಿಗಳು, ಕೈಗವಸುಗಳು, ಒಂದು ಪಿಟೀಲು. ಅಲ್ಲಿದ್ದ ಹೆಂಗಸಿನ ಹೆಸರು ಯಾನಾ ಎಂದಿಟ್ಟುಕೊಳ್ಳಿ, ಐವತ್ತರ ಆಸುಪಾಸು. ನಮ್ಮಿಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದು, ಹಾಗಾಗಿ ಮಾತು ಸಲೀಸಾಯಿತು. ಬಣ್ಣ ಕೇಳಿದಳು, ಹೇಳಿದೆ. ಯಾವ ಬಟ್ಟೆ ಎಂದಳು.

“ಕಾಟನ್.”

“ಬಾವ್ಲ್ನಾ,” ಎಂದು ಬರೆದುಕೊಂಡಳು. ರೈಲು ಕೊನೆಯ ನಿಲ್ದಾಣ ಮುಟ್ಟಿ ತಪಾಸಣೆ ಆಗಬೇಕು, ಸಿಕ್ಕರೆ ಬೆಳಗ್ಗೆ ಬರುತ್ತದೆ ಎಂದಳು. ಸ್ಟೇಷನ್ ಎದುರಿನ ಲಾಡ್ಜಿನಲ್ಲಿ ಉಳಿದೆ. ಏನೂ ತಿನ್ನಬೇಕೆನಿಸಲಿಲ್ಲ.

ಬೆಳಗ್ಗೆ ಕೋಣೆ ತೆರೆಯುವ ಮುಂಚೆ ಬಾಗಿಲಲ್ಲಿ ನಿಂತಿದ್ದೆ. ಯಾನಾ ನನ್ನನ್ನು ಒಳಗೆ ಕೂಡಿಸಿ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟಳು. ಅಂಚು ಕಂಡೊಡನೆ ನನಗೆ ಗೊತ್ತಾಯಿತು. ಅವಳು ಮಾತ್ರ ಚೀಲ ಬಿಚ್ಚಲು ತಡಮಾಡಿದಳು.

“ಒಳಗೆ ಏನೋ ಗಟ್ಟಿ ಇತ್ತಂತೆ. ಯಾರದೆಂದು ಗೊತ್ತಿಲ್ಲದ ಸಾಮಾನು, ಅವರು ಬಿಚ್ಚಿ ನೋಡಲೇಬೇಕು. ತಿನ್ನುವ ಪದಾರ್ಥವಾದರೆ ಇಡುವ ಹಾಗಿಲ್ಲ.”

ಹೊಟ್ಟೆಯ ಚೌಕದ ಮೂರು ಬದಿ ಹೊಲಿಗೆ ಬಿಚ್ಚಿತ್ತು. ನೀಟಾಗಿಯೇ ಕತ್ತರಿಸಿದ್ದರು, ಬಟ್ಟೆಗೆ ತಾಗದಂತೆ ಬರೀ ದಾರ. ಒಳಗೆ ಕೈ ಹಾಕಿದೆ. ರೊಟ್ಟಿಯಿಲ್ಲ, ಜೋಳವಿಲ್ಲ, ಒಂದಿಷ್ಟು ಪುಡಿ ಬೆರಳಿಗೆ ಹತ್ತಿತು. ನಾನು ಅತ್ತೆನೆಂದು ಕಾಣುತ್ತದೆ, ಏಕೆಂದರೆ ಯಾನಾ ಬಾಗಿಲಿಗೆ ಏನೋ ಬೋರ್ಡು ತೂಗುಹಾಕಿ ಬಂದು ಪಕ್ಕದಲ್ಲಿ ಕೂತಳು.

“ಏನಿತ್ತು ಅದರಲ್ಲಿ?”

“ರೊಟ್ಟಿ. ಕೌದಿ ಹಸಿಯಬಾರದೆಂದು.”

ಅವಳು ನಗಲಿಲ್ಲ. ಅದು ಯಾರಿಗೆ, ಸೀರೆ ಯಾರದು ಎಂದು ಒಂದೊಂದೇ ಕೇಳಿದಳು. ಎಲ್ಲ ಕೇಳಿದ ಮೇಲೆ, “ಹೊಲಿದವರನ್ನು ಕೇಳು, ಈಗ ಏನು ಮಾಡಬೇಕೆಂದು,” ಎಂದಳು.

ಅಲ್ಲಿ ಬೆಳಗ್ಗೆ, ನಮ್ಮಲ್ಲಿ ಮಧ್ಯಾಹ್ನ. ಚಿಗವ್ವ ಹೊಲದಲ್ಲಿದ್ದಳು. ವಿಡಿಯೋದಲ್ಲಿ ಮೊದಲು ಬರೀ ಆಕಾಶ ಕಂಡಿತು, ಆಮೇಲೆ ಕಿವಿ, ಆಮೇಲೆ ಮುಖ. ಅಂಜುತ್ತ ಎಲ್ಲ ಹೇಳಿದೆ.

“ಕೌದಿ ಮರ್ತಿ,” ಎಂದಳು. “ತಲಿ ಹ್ಯಾಂಗ ನಿನ್ನ ಜೋಡಿ ಬಂತು? ಮ್ಯಾಲ ಇಟ್ಟಿದ್ದೇನ?”

“ಹೂಂ.”

“ಹೇಳಿದ್ದಿಲ್ಲ ನಾ?” ಮುಖವನ್ನು ಫೋನಿಗೆ ಇನ್ನೂ ಹತ್ತಿರ ತಂದಳು. “ಬಟ್ಟಿ ಹರದಿಲ್ಲಲ್ಲ? ದಾರ ಕತ್ತರಿಸ್ಯಾರಲ್ಲ? ಹಂಗಾದ್ರ ಅಳಬ್ಯಾಡ. ಮತ್ತ ತುಂಬು.”

“ರೊಟ್ಟಿ ಎಲ್ಲಿಂದ ತರ್ಲಿ ಚಿಗವ್ವ, ಇಲ್ಲಿ ಜೋಳ ಸಿಗಂಗಿಲ್ಲ.”

“ಜೋಳನ ಬೇಕಂತ ಯಾರು ಹೇಳ್ಯಾರ? ಆ ಕೂಸು ಬೆಳದು ಅಲ್ಲೀದ ಉಣ್ಣೂದು ಹೌದಿಲ್ಲೋ. ಅಲ್ಲಿ ಮಂದಿ ಏನ್ ತಿಂತಾರ ಅದನ್ನ ಹಾಕು. ಆದ್ರ ಹಸದ ಕೈಲೆ ತುಂಬಬಾರದು. ನೀ ಉಂಡೀಯೇನ?”

ಇಲ್ಲವೆಂದೆ. ಯಾನಾಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ಮೇಜಿನ ಖಾನೆಯಿಂದ ಬುತ್ತಿ ತೆಗೆದಳು. ಜೀರಿಗೆಯಂಥ ಕಾಳು ಹಾಕಿದ ಕರಿ ಬ್ರೆಡ್ಡು, ಬೆಣ್ಣೆ. ಬೆಣ್ಣೆ ಸವರದ ಒಂದು ಮೂಲೆ ಮುರಿದು ಪಕ್ಕಕ್ಕಿಟ್ಟು, ಉಳಿದದ್ದನ್ನು ಎರಡು ಮಾಡಿ ಒಂದನ್ನು ನನಗೆ ಕೊಟ್ಟಳು. ತಿನ್ನುವಾಗ ಅವಳ ಕಣ್ಣು ಫೋನಿನ ಮೇಲಿತ್ತು. ಚಿಗವ್ವನ ಹಿಂದೆ ಸಾಲು ಸಾಲು ಬಿಳಿ.

“ಅದೇನು?”

“ಬಾವ್ಲ್ನಾ,” ಎಂದೆ.

ಯಾನಾ ಬಾಯಿಯಲ್ಲಿದ್ದ ತುತ್ತು ಹಾಗೇ ನಿಲ್ಲಿಸಿದಳು. “ಅಷ್ಟೇ ಎತ್ತರವೇ? ನಾನು ದೊಡ್ಡ ಮರ ಅಂದುಕೊಂಡಿದ್ದೆ.” ಬಾವ್ಲ್ನಾ ಎಂಬ ಮಾತು ಜರ್ಮನರ ‘ಮರದ ಉಣ್ಣೆ’ಯೇ, ಪಕ್ಕದ ಮನೆಯಿಂದ ತಂದು ಬಳಸಿ ಬಳಸಿ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡದ್ದು ಎಂದು ಹೇಳಿದಳು. ಶಾಲೆಯಲ್ಲಿ ಕಲಿಸಿದ್ದರಂತೆ. ಪೋಲೆಂಡಿನವರದೂ ಅದೇ. ಹೀಗೆ ನನ್ನ ಎರಡು ಪ್ರಶ್ನೆ ಚಿಹ್ನೆಗಳು ಮೂರನೆಯ ಮನೆತನಕ್ಕೆ ಸೇರಿದವು, ಐದಾದವು.

ಚಿಗವ್ವ ಒಂದು ಒಡೆದ ಕಾಯಿ ಕಿತ್ತು ಫೋನಿನ ಹತ್ತಿರ ಹಿಡಿದಳು. ಪರದೆಯೆಲ್ಲ ಬೆಳ್ಳಗಾಯಿತು. ಯಾನಾ ಬೆರಳು ಚಾಚಿ ಗಾಜು ಮುಟ್ಟಿದಳು.

“ಆ ಅಕ್ಕ ಯಾಕ ಫೋನ್ ಸವರಾಕತ್ಯಾಳ?”

“ಹತ್ತಿ ನೋಡಿಲ್ಲಂತ, ಚಿಗವ್ವ.”

“ಪಾಪ. ಹತ್ತಿ ಅಂಗಿ ಹಾಕ್ಕೊಂಡು ಕುಂತಾಳಲ್ಲ, ಕೈಮಾಡಿ ತೋರ್ಸು.”

ಯಾನಾಳ ಖಾನೆಯಲ್ಲಿ ಗುಂಡಿ ಹೊಲಿಯುವ ಸೂಜಿಯಿತ್ತು, ದಾರ ನೀಲಿಯದೊಂದೇ. ಬ್ರೆಡ್ಡಿನ ತುಂಡನ್ನು ಹೊಟ್ಟೆಗೆ ಇಬ್ಬರೂ ಕೂಡಿ ಇಟ್ಟೆವು. ಎರಡು ಬದಿ ಅವಳು ಹೊಲಿದಳು, ಒಂದು ಬದಿ ನಾನು. “ಸಣ್ಣ ಹೊಲಿಗಿ ಹಾಕ ಅಂತ ಹೇಳು ಆ ಅಕ್ಕಗ,” ಎಂದು ಚಿಗವ್ವ ಕಕ್ಕೇರಾದ ಹೊಲದಿಂದ ಉಸ್ತುವಾರಿ ಮಾಡಿದಳು. ದೇಶ ದೂರವೆಂದು ದನಿಯನ್ನೂ ಅಷ್ಟೇ ಎತ್ತರಿಸಿದ್ದಳು. ಬಾಗಿಲಾಚೆ ಯಾರೋ ಛತ್ರಿ ಕೇಳಲು ಬಂದು ಕಾಯುತ್ತಿದ್ದರು.

ಹೊರಡುವಾಗ ಯಾನಾ ಕೌದಿಯನ್ನು ನನ್ನ ಎರಡೂ ಕೈಮೇಲೆ ಕೂಸನ್ನು ಕೊಟ್ಟ ಹಾಗೆ ಇಟ್ಟಳು. ಪೆಟ್ಟಿಗೆಯನ್ನು ರೈಲಿನವರೆಗೆ ತಾನೇ ಎಳೆದು ತಂದಳು.

ಡ್ರೆಸ್ಡೆನ್

ಅಕ್ಕ ಬಾಗಿಲು ತೆಗೆದಾಗ ನನ್ನನ್ನು ನೋಡುವ ಮುಂಚೆ ಕೌದಿಯನ್ನು ನೋಡಿದಳು. ಮಂಚದ ಮೇಲೆ ಹಾಸಿ ಒಂದೊಂದೇ ತುಂಡು ಮುಟ್ಟಿದಳು. “ಇದು ಸುರಪುರದಾಗ ತಗೊಂಡಿದ್ದು. ಇದು ನನ್ನ ನರ್ಸಿಂಗ್ ಸೀಟು ಬಂದಾಗ ಉಟ್ಟಿದ್ಲು.” ನಡುವಿಗೆ ಬಂದು ಕೈ ನಿಂತಿತು.

“ಈ ನೀಲಿ ಹೊಲಿಗಿ ಚಿಗವ್ವಂದಲ್ಲ.”

ಬಚ್ಚಿಡುವ ಯೋಚನೆಯನ್ನು ದಾರಿಯಲ್ಲೇ ಬಿಟ್ಟಿದ್ದೆ. ಮುದುಕಿಯ ಬನ್ನಿನಿಂದ ಹಿಡಿದು ಎಲ್ಲ ಹೇಳಿದೆ. ಅಕ್ಕ ಕೇಳಿದಳು. ಬೈದಾಳೆಂದುಕೊಂಡೆ.

“ಒಳಗ ಬ್ರೆಡ್ಡೇನ?”

“ಹೂಂ. ಜೀರಿಗಿ ಹಾಕಿದ್ದು.”

“ಬಂದ ಹೊಸದಾಗ ನನಗ ಆ ವಾಸನಿ ಆಗ್ತಿದ್ದಿಲ್ಲ,” ಎಂದಳು. “ಅವ್ವ ಹೋದ ದಿನ ಡ್ಯೂಟಿ ಮ್ಯಾಲ ಇದ್ದೆ. ಒಬ್ಬಾಕಿ ಅಜ್ಜಿ, ನನ್ನ ಮುಖ ನೋಡಿ ತನ್ನ ತಾಟಿನ್ಯಾಗಿಂದ ಇದ ಬ್ರೆಡ್ಡು ಕೊಟ್ಲು. ಆವತ್ತ ತಿಂದೆ.”

ಆಮೇಲೆ ಹೊಟ್ಟೆಯ ಮೇಲೆ, ಅವ್ವನ ಸವೆದ ಉಡಿಯ ಮೇಲೆ, ಮುಖವಿಟ್ಟು ಅತ್ತಳು. ಮೂರು ವರ್ಷ ತಡವಾಗಿ, ಸಾವಕಾಶವಾಗಿ, ಯಾರಿಗೂ ಹೆದರದೆ. ನಾನು ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತೆ. ಅತ್ತು ಮುಗಿದ ಮೇಲೆ ಅಕ್ಕ ಎದ್ದು ಮುಖ ತೊಳೆದು, ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಹಾಸಿಕೊಂಡು, “ಕೊಡಿಲ್ಲಿ ನನ್ನ ಮಗಳನ್ನ,” ಎಂದಳು. ಕೂಸು ಅದರ ಮೇಲೆ ಎರಡು ಸಲ ಕಾಲು ಝಾಡಿಸಿ ನಿದ್ದೆಹೋಯಿತು.

ನನ್ನ ಪಟ್ಟಿಯಲ್ಲಿ ಒಂದು ಜಾಗ ಇನ್ನೂ ಖಾಲಿ ಇದೆ, ಅದು ನಮ್ಮದೇ ಮಾತಿನದು. ಗುರುಮಠಕಲ್ ಕಡೆಯ ನನ್ನ ಗೆಳತಿ ತೆಲುಗಿನಲ್ಲಿ ಪತ್ತಿ ಎನ್ನುತ್ತಾಳೆ, ತಮಿಳಿನಲ್ಲಿ ಪರುತ್ತಿ, ನಾವು ಹತ್ತಿ. ಮೂವರೂ ಒಂದೇ ಮನೆಯವರೆಂದು ಕಾಣುತ್ತದೆ, ಆದರೆ ಆ ಮನೆಯ ಹಿರಿಯರು ಯಾರು, ಆ ಮಾತಿಗೆ ಮೊದಲಲ್ಲಿ ಏನು ಅರ್ಥವಿತ್ತು ಎಂದು ನನಗೆ ಗೊತ್ತಾಗಿಲ್ಲ. ತಿಳಿದವರು ಬರೆದು ತಿಳಿಸಿ.

ಇನ್ನೊಂದು ಪ್ರಶ್ನೆ ಅಕ್ಕನದು. ಕೌದಿ ಹಳೆಯದಾಗಿ ಹರಿದರೆ ಅದರ ಹೊಟ್ಟೆಯಲ್ಲಿದ್ದದ್ದನ್ನು ಹೊಸ ಕೌದಿಗೆ ಹಾಕುತ್ತಾರೋ, ಹೊಸದಾಗಿ ತುಂಬುತ್ತಾರೋ? ಚಿಗವ್ವನನ್ನು ಕೇಳಿದರೆ, ತಾನು ಹೊಲಿದದ್ದು ಇನ್ನೂ ಯಾವುದೂ ಹರಿದಿಲ್ಲ, ತನಗೆ ಹೇಗೆ ಗೊತ್ತಾಗಬೇಕು ಎನ್ನುತ್ತಾಳೆ. ನಿಮ್ಮ ಊರಿನಲ್ಲಿ ಏನು ಪದ್ಧತಿ ಎಂದು ಬರೆಯಿರಿ. ಅವಸರವೇನಿಲ್ಲ. ಈ ಕೌದಿ ಹರಿಯುವುದರೊಳಗೆ ನಿಮ್ಮ ಕಾಗದ ತಲುಪಿದರೆ ಸಾಕು.